ನಮ್ಮ ನಷ್ಟದ ಮನೆ

ಜನ ಲಾಭ ಬಂದಾಗ ಸಿಹಿ ಹಂಚುತ್ತಾರೆ. ನಾನು ವರ್ಷಗಟ್ಟಲೆ ನಷ್ಟಕ್ಕೆ ಹಂಚಿದವನು.

ಅಮೃತಹಳ್ಳಿಯಲ್ಲಿ ಸಾಲ ಮಾಡಿ ಒಂದು ಫ್ಲ್ಯಾಟ್ ಕೊಂಡು ಅದನ್ನು ಬಾಡಿಗೆಗೆ ಕೊಟ್ಟಿದ್ದೆ. ನಾನು ಮತ್ತು ನನ್ನ ಹೆಂಡತಿ ಸುಮಿತ್ರಾ ಮಾತ್ರ, ನಾನು ಪಾಠ ಹೇಳುವ ಕಾಲೇಜಿಗೆ ಹತ್ತಿರವೆಂದು, ಮತ್ತಿಕೆರೆಯಲ್ಲಿ ಇನ್ನೊಬ್ಬರ ಮನೆಯಲ್ಲಿ ಬಾಡಿಗೆಗಿದ್ದೆವು. ಫ್ಲ್ಯಾಟಿನಿಂದ ಬರುವ ಬಾಡಿಗೆಗಿಂತ ಸಾಲದ ಬಡ್ಡಿಯೇ ಹೆಚ್ಚು. ಈ ಕೊರತೆಯನ್ನು ಕಾನೂನು ‘ನಷ್ಟ’ ಎಂದು ಒಪ್ಪುತ್ತದೆ; ಒಂದು ಮಿತಿಯೊಳಗೆ ಅದನ್ನು ಸಂಬಳದಿಂದ ಕಳೆದು ತೋರಿಸಿದರೆ ತೆರಿಗೆ ಇಳಿಯುತ್ತದೆ. “ಈ ಸಲವೂ ಚೆನ್ನಾಗಿ ಲಾಸ್ ಆಗಿದೆ ಸರ್” ಎಂದು ನಮ್ಮ ಆಡಿಟರ್ ವಸುಧಾ ಹೇಳಿದರೆ ನನ್ನ ಎದೆ ಉಬ್ಬುತ್ತಿತ್ತು. ಬರುವಾಗ ದಾರಿಯಲ್ಲಿ ಮೈಸೂರು ಪಾಕು ಕಟ್ಟಿಸಿಕೊಳ್ಳುತ್ತಿದ್ದೆ.

ನಾವಿದ್ದ ಮನೆಯ ಮಾಲೀಕರು ಮುನಿರಾಜಗೌಡರು. ಅವರ ಮನೆಗಳೆಲ್ಲ ತಾತನ ಹೊಲದಲ್ಲೇ ಎದ್ದವು, ಸಾಲವಿಲ್ಲ, ಬಡ್ಡಿಯಿಲ್ಲ.

“ಲಾಸ್ ಆಯ್ತು ಅಂತ ಸ್ವೀಟ್ ಕೊಡ್ತೀರಲ್ಲ ಮೇಷ್ಟ್ರೇ, ಇಂಗೂ ಇರ್ತದಾ?”

“ಸರ್ಕಾರವೇ ಒಪ್ಪಿರೋ ಲಾಸು ಗೌಡ್ರೇ.”

“ಅಂಗಾದ್ರೆ ನಂಗ್ಯಾಕಿಲ್ಲ?” ಎನ್ನುತ್ತ ಅವರು ಇನ್ನೊಂದು ತುಂಡು ತೆಗೆದುಕೊಂಡರು. ಪಾಪ ಅನ್ನಿಸಿತು.

ನನ್ನ ಸಂಭ್ರಮದಲ್ಲಿ ಪಾಲುಗೊಳ್ಳದವಳು ಸುಮಿತ್ರಾ. “ನಮ್ಮನೇಲಿ ನಾವ್ಯಾವಾಗ ಇರೋದು?” ಎಂದು ಕೇಳುವಳು. “ಇಲ್ಲಿ ಕೊಡೋದಕ್ಕಿಂತ ಅಲ್ಲಿಂದ ಬರೋದು ಜಾಸ್ತಿ ಕಣೇ” ಎಂದು ನಾನು ಅರ್ಥಶಾಸ್ತ್ರ ಬಿಚ್ಚುತ್ತಿದ್ದೆ. ಅವಳು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಹೀಗಿರುವಾಗ ವಸುಧಾ ಒಂದು ದಿನ, ತೆರಿಗೆಯ ಹೊಸ ಪದ್ಧತಿಯೇ ನನಗೆ ಅನುಕೂಲ ಎಂದರು. “ಒಟ್ಟು ಟ್ಯಾಕ್ಸ್ ಕಮ್ಮಿ ಆಗುತ್ತೆ ಸರ್. ಆದ್ರೆ ಅದ್ರಲ್ಲಿ ಮನೆ ಲಾಸನ್ನ ಸಂಬಳದಲ್ಲಿ ಕಳೆಯೋ ಹಾಗಿಲ್ಲ.”

ತೆರಿಗೆ ಇಳಿದದ್ದಕ್ಕೆ ಸಂತೋಷಪಡಬೇಕಾದ ಮನುಷ್ಯ ನಾನು, ಇಷ್ಟು ವರ್ಷ ಸಾಕಿದ ನಷ್ಟ ಕೆಲಸಕ್ಕೆ ಬಾರದೆ ಹೋಯಿತಲ್ಲ ಎಂದು ಮಂಕಾಗಿ ಮನೆಗೆ ಬಂದೆ. ಅದೇ ತಿಂಗಳು ಫ್ಲ್ಯಾಟಿನಲ್ಲಿದ್ದವರು ವರ್ಗವಾಗಿ ಹೊರಟರು. ಇನ್ನು ಈ ಮನೆ ಯಾಕೆ? ಮಾರಿಬಿಡೋಣ ಎಂದೆ. “ಹಾಗಾದ್ರೆ ಒಂದ್ಸಲ ಗುಡಿಸಿ ಒರೆಸ್ಬೇಕು” ಎಂದಳು ಸುಮಿತ್ರಾ.

ಕೊಳ್ಳುವವರು ಸೋಮವಾರ ನೋಡಲು ಬರುವುದೆಂದಾಯಿತು. ಭಾನುವಾರ ಇಬ್ಬರೂ ಪೊರಕೆ, ಬಕೆಟ್ ಹಿಡಿದು ಗುಡಿಸಲು ಹೋದೆವು. ನೆಲ ಒರೆಸಿದ ಮೇಲೆ ಅವಳು ಅಡುಗೆಮನೆಯ ಕಟ್ಟೆಯ ಮೇಲೆ ಕೈಯಾಡಿಸಿದಳು. ಒಲೆ ಎಲ್ಲಿ, ಮಿಕ್ಸಿ ಎಲ್ಲಿ ಎಂದು ಮನಸ್ಸಿನಲ್ಲೇ ಇಡುತ್ತಿದ್ದಂತಿತ್ತು. ಆಮೇಲೆ ಕಿಟಕಿ ತೆರೆದಳು.

“ತಗೊಳ್ಳೋರಿಗೆ ಹೇಳಿ, ಸಂಜೆ ಈ ಕಿಟಕಿ ತೆಗೆದಿಡ್ಬೇಕು ಅಂತ. ಕೆರೆ ಕಡೆ ಗಾಳಿ ಬರುತ್ತೆ.”

ಆಗಲೇ ಒರೆಸಿದ್ದ ಕಿಟಕಿಯ ಅಂಚನ್ನು ಅವಳು ಮತ್ತೆ ಒರೆಸತೊಡಗಿದಳು. ನಾನು ಬಾಗಿಲ ಹೊರಗೆ ಹೋಗಿ, ಕೊಳ್ಳುವವರಿಗೆ ಫೋನ್ ಮಾಡಿ, ಬರಬೇಡಿ ಎಂದೆ. ಒಳಗೆ ಬಂದು, “ಹಾಲು ಉಕ್ಕಿಸೋಕೆ ಯಾವ ದಿನ ಚೆನ್ನಾಗಿದೆ ನೋಡು” ಎಂದಾಗ ಅವಳು ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ನನ್ನ ಮೇಲೆ ಎಸೆದಳು.

ಮನೆ ಬಿಡುವವರ ಅಡ್ವಾನ್ಸಿನಲ್ಲಿ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ನಮ್ಮ ಬೆಂಗಳೂರಿನ ಸಂಪ್ರದಾಯ. ಗೌಡರು ಪೂರ್ತಿ ಕೊಟ್ಟರು. “ಇರ್ಲಿ ಬಿಡಿ ಮೇಷ್ಟ್ರೇ, ನಾನೂ ವಸಿ ಲಾಸ್ ಮಾಡ್ಕೊತೀನಿ” ಎಂದವರು, ನಮ್ಮ ಸಾಮಾನಿನ ಟೆಂಪೊ ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದರು.

ಈ ವರ್ಷ ರಿಟರ್ನಿನ ಹೊತ್ತಿಗೆ ವಸುಧಾ ಫೋನ್ ಮಾಡಿದರು. “ಈಗ ನೀವೇ ವಾಸ ಇದೀರಲ್ಲ ಸರ್, ಮನೆಯಿಂದ ಬರೋ ಆದಾಯ ಸೊನ್ನೆ ಅಂತ ಹಾಕ್ತೀನಿ.”

ಬಾಲ್ಕನಿಯಲ್ಲಿ ಸುಮಿತ್ರಾ ತಲೆಸ್ನಾನ ಮಾಡಿ ಕೂದಲು ಒಣಗಿಸುತ್ತಾ ಏನೋ ಹಾಡಿಕೊಳ್ಳುತ್ತಿದ್ದಳು. ಮತ್ತಿಕೆರೆಯಲ್ಲಿ ಅವಳು ಹಾಡಿದ್ದನ್ನು ನಾನು ಕೇಳಿದ ನೆನಪಿಲ್ಲ.

“ಸೊನ್ನೆ ಅಂತಲೇ ಹಾಕಿ” ಎಂದೆ, ದನಿ ತಗ್ಗಿಸಿ. ಇಂಥ ಆದಾಯವೆಲ್ಲ ತೆರಿಗೆ ಇಲಾಖೆಯ ಕಿವಿಗೆ ಬೀಳದಿರುವುದೇ ಕ್ಷೇಮ.