ಕಾಲಿದ್ದಷ್ಟು ಹಲಗೆ

ಸಮೊಕೊವ್ ಊರಿನ ವೆಸೆಲಾಳ ಅಂಗಡಿಗೆ ಹೋಗಿ "ಆ ಗುಲಾಬಿ ಬಣ್ಣದ್ದು ಕೊಡಿ" ಎಂದ ಯಾವ ಹುಡುಗಿಯೂ ಗುಲಾಬಿ ಬಣ್ಣದ್ದನ್ನು ಹೊತ್ತು ಹೊರಬಂದ ದಾಖಲೆಯಿಲ್ಲ. ಹಿಮದ ಮೇಲೆ ಜಾರುವ ಹಲಗೆಗಳನ್ನು ಮಾರುತ್ತ, ಅವಕ್ಕೆ ಮೇಣ ಹಚ್ಚುತ್ತ, ಅಂಚು ಉಜ್ಜುತ್ತ ಇಪ್ಪತ್ತಾರು ವರ್ಷ ಕಳೆದಿದ್ದ ಆಕೆ ಗಿರಾಕಿಯ ಮುಖ ನೋಡುತ್ತಿರಲಿಲ್ಲ. ಕಾಲು ನೋಡುತ್ತಿದ್ದಳು.

"ಬೂಟು ಬಿಚ್ಚು."

"ಆಂಟಿ, ಬಣ್ಣ..."

"ಬಿದ್ದಾಗ ಮೈಗೆ ಬರೋ ಬಣ್ಣ ಸಾಕಾಗಲ್ವಾ? ತೂಕ ಎಷ್ಟು? ನಿಜ ಹೇಳು, ನಾನೇನು ನಿನ್ನ ಅತ್ತೆ ಆಗೋಳಲ್ಲ."

ಆಮೇಲೆ ಪಾಠ. "ಪಾರ್ಕಿನ ಕಂಬಿ, ಬೀದಿ ಮೆಟ್ಟಿಲು ಅಂತ ಹೋಗೋಳಿಗೆ ಗಿಡ್ಡ ಹಲಗೆ ಬೇಕು. ಮೆತ್ತಗೆ ಬಾಗಬೇಕು. ಎರಡು ತುದೀನೂ ಒಂದೇ ಥರ ಇರಬೇಕು, ಹಿಂದುಮುಂದಾಗಿ ಇಳಿದ್ರೂ ಅದಕ್ಕೆ ಬೇಜಾರಾಗಬಾರದು. ಪಾದದ ಕೆಳಗೆ ಅಂಚು ಮೊಂಡು ಮಾಡ್ಕೊಡ್ತೀನಿ, ಇಲ್ಲಾಂದ್ರೆ ಕಂಬಿ ಕಚ್ಚುತ್ತೆ. ಅಗಲ ಮಾತ್ರ ಕಾಲನ್ನೇ ಕೇಳು. ಬೆರಳು ಆಚೆ ಬಂದ್ರೆ ಮೊದಲು ಬೆರಳು ಹಿಮಕ್ಕೆ ತಾಗುತ್ತೆ, ಆಮೇಲೆ ಮೂಗು."

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ನಮ್ಮ ಗಾದೆ. ವೆಸೆಲಾಳದು ಅದರ ಮಗ್ಗುಲು ಬದಲಿಸಿದ ಗಾದೆ: ಕಾಲಿದ್ದಷ್ಟು ಹಲಗೆ ತಗೊ. ತಾನು ಆಗಬೇಕೆಂದಿರುವ ಹುಡುಗಿಗಲ್ಲ, ಆಗಿರುವ ಹುಡುಗಿಗೆ.

ಈ ಪಾಠ ಬೇಕಿಲ್ಲದವಳು ಅವಳ ಮಗಳು ರಲಿತ್ಸಾ ಒಬ್ಬಳೇ. ಹತ್ತೊಂಬತ್ತು ವರ್ಷ, ಐವತ್ತು ಕಿಲೋ, ಮೂವತ್ತೇಳನೇ ನಂಬರಿನ ಬೂಟಿನ ಕಾಲು, ಹಲಗೆಯ ಮೇಲೆ ಬಲಗಾಲು ಮುಂದೆ. ಸಂಸ್ಕೃತಿ ಭವನದ ಮೆಟ್ಟಿಲ ಕಂಬಿಗೆ ಊರಿನವರು ಪ್ರತಿ ಬೇಸಿಗೆ ಹಸಿರು ಬಳಿಯುತ್ತಿದ್ದರು, ಪ್ರತಿ ಚಳಿಗಾಲ ಇವಳು ಅದರ ಮೇಲೆ ಜಾರಿ ಬಣ್ಣ ಕೆರೆಯುತ್ತಿದ್ದಳು. ಅಲ್ಲಿಂದ ಬಿದ್ದು ಒಂದು ಹಲ್ಲು ಮುರಿದುಕೊಂಡದ್ದು ಬಿಟ್ಟರೆ ಅವಳಿಗೇನೂ ಆಗಿರಲಿಲ್ಲ. ಅಂಥವಳು ಡಿಸೆಂಬರಿನ ಒಂದು ಬೆಳಿಗ್ಗೆ ಸೋಫಿಯಾಕ್ಕೆ ಹೋಗುವ ಮಿನಿಬಸ್ಸಿನಲ್ಲಿ, ಬೆಲ್ಟ್ ಹಾಕಿಕೊಂಡು ತೆಪ್ಪಗೆ ಕೂತಿದ್ದಾಗ ಬಸ್ಸು ಮಗುಚಿ ಹೋಗಿಬಿಟ್ಟಳು. ಅಲ್ಲಿನ ರೂಢಿಯಂತೆ ಫೋಟೊ ಇದ್ದ ಸಾವಿನ ಕಾಗದವನ್ನು ಅಂಗಡಿಯ ಬಾಗಿಲಿಗೂ ಆ ಹಸಿರು ಕಂಬಿಗೂ ಅಂಟಿಸಿದರು. ವೆಸೆಲಾ ಎಂದರೆ ಅಲ್ಲಿನ ಮಾತಿನಲ್ಲಿ ನಗುಮೊಗದವಳು. ಹೆಸರಿಟ್ಟವರು ಈಗಿಲ್ಲ, ಪುಣ್ಯವಂತರು.

ನಲವತ್ತನೆಯ ದಿನ ಗೋಧಿ ಬೇಯಿಸಿ, ಮೇಲೆ ಸಕ್ಕರೆ ಉದುರಿಸಿ ಹಂಚಬೇಕು. ಜೊತೆಗೆ ಸತ್ತವಳದೇ ವಯಸ್ಸಿನ ಹುಡುಗಿಯೊಬ್ಬಳಿಗೆ ಮುಡಿಯಿಂದ ಅಡಿಯವರೆಗೆ ಹೊಸದು ತೊಡಿಸಬೇಕು. ತೊಟ್ಟವಳು ನಾಲ್ಕು ಹೆಜ್ಜೆ ನಡೆದರೆ ಅದು ಆಚೆಗೆ, ಸತ್ತವಳಿಗೆ ಮುಟ್ಟುತ್ತದೆ. ರಲಿತ್ಸಾಳ ಗೆಳತಿ ನೆವೆನಾಳನ್ನು ಕರೆಯುವುದೆಂದಾಯಿತು.

"ಫ್ರಾಕು ತಂದ್ಯೇನೇ?" ಎಂದಳು ಪಕ್ಕದ ಮನೆಯ ದೋಬ್ರಾ ಅಜ್ಜಿ.

"ಅವಳು ಫ್ರಾಕು ಹಾಕಿದ್ದು ಯಾವಾಗ ನೋಡಿದ್ದೀಯಜ್ಜಿ?"

"ಮತ್ತೆ ಅಲ್ಲಿ ಏನು ಹಾಕ್ಕೊಂಡು ಓಡಾಡ್ತಾಳೆ?"

"ಓಡಾಡಲ್ಲ. ಜಾರ್ತಾಳೆ."

ವೆಸೆಲಾ ಒಂದು ವಾರ ಅಂಗಡಿಯ ಹಲಗೆಗಳನ್ನೆಲ್ಲ ಇಳಿಸಿ, ಬಾಗಿಸಿ, ಬೆರಳಲ್ಲಿ ತಟ್ಟಿ ನೋಡಿ ಕೊನೆಗೆ ನೂರಾ ನಲವತ್ತಮೂರು ಸೆಂಟಿಮೀಟರಿನದೊಂದನ್ನು ಆರಿಸಿದಳು. ತಾನೇ ಅಂಚು ಮೊಂಡು ಮಾಡಿದಳು. ಕಾಲು ಕಟ್ಟುವ ಬೈಂಡಿಂಗುಗಳನ್ನು ಅಳೆಯದೆಯೇ, ಕೈಗೆ ಗೊತ್ತಿದ್ದಂತೆ, ಬಿಗಿದಳು.

ನೆವೆನಾ ಬಂದಳು. ಆಳೆತ್ತರದ, ಗಟ್ಟಿ ಎಲುಬಿನ ಹುಡುಗಿ. ಹೊಸ ಜಾಕೆಟ್ಟಿನ ತೋಳು ಮೊಣಕೈಯಿಂದ ಸ್ವಲ್ಪವೇ ಕೆಳಗೆ ಬಂತು. ಅಂಗಳದ ಇಳಿಜಾರಿನಲ್ಲಿ ಹಲಗೆ ಇಟ್ಟು ಹತ್ತಿದಳು. ಬೈಂಡಿಂಗಿನ ಪಟ್ಟಿ ಅವಳ ಬೂಟಿಗೆ ಸಾಲಲಿಲ್ಲ, ಉಸಿರು ಬಿಗಿಹಿಡಿದು ಎಳೆದಳು. ಬೆರಳ ತುದಿ ಹಲಗೆಯಿಂದ ಎರಡಂಗುಲ ಆಚೆ.

"ಸರಿಯಾಗಿದೆ ಚಿಕ್ಕಮ್ಮ," ಎಂದಳು. ಸತ್ತವರ ಹೆಸರಲ್ಲಿ ಕೊಟ್ಟದ್ದಕ್ಕೆ ಅಲ್ಲಿ ಥ್ಯಾಂಕ್ಸ್ ಹೇಳುವಂತಿಲ್ಲ, ಇಷ್ಟೇ ಹೇಳಬೇಕು: "ದೇವರು ಅವಳನ್ನು ಕ್ಷಮಿಸಲಿ."

ಎರಡು ಮಾರು ಜಾರಿದಳು. ತಿರುಗುವಾಗ ಬೆರಳು ಹಿಮಕ್ಕೆ ಸಿಕ್ಕಿ ಮುಗ್ಗರಿಸಿ ಬಿದ್ದಳು. ಎದ್ದು ಮೂಗು ಒರೆಸಿಕೊಂಡು, "ನಂದೇ ತಪ್ಪು, ಅಭ್ಯಾಸ ತಪ್ಪಿದೆ," ಎಂದು ನಕ್ಕಳು.

"ನಾಲ್ಕು ಹೆಜ್ಜೆ ಲೆಕ್ಕಕ್ಕಾಯ್ತು ಬಿಡೇ," ಎಂದಳು ಅಜ್ಜಿ. "ಮುಟ್ಟಿರುತ್ತೆ."

ವೆಸೆಲಾ ಹಿಮದಿಂದೆದ್ದ ಆ ಬೂಟುಗಳನ್ನೇ ನೋಡುತ್ತಿದ್ದಳು. ಬೇರೆ ಯಾವ ತಾಯಿ ಹೀಗೆ ಕಾಲು ನೋಡದೆ ಕೊಂಡಿದ್ದರೂ ಅಂಗಡಿಯಿಂದ ಅಟ್ಟುತ್ತಿದ್ದಳು.

"ಬೂಟು ಬಿಚ್ಚು."

"ಬೇಡ ಚಿಕ್ಕಮ್ಮ. ಅವಳ ಅಳತೇದೇ ಇರಲಿ. ನಾನು ಸುಮ್ನೆ ಇಟ್ಕೋತೀನಿ."

"ಸುಮ್ನೆ ಇಟ್ಕೊಳ್ಳೋ ಹಲಗೆ ನನ್ನ ಅಂಗಡೀಲಿ ಸಿಗಲ್ಲ. ತೂಕ ಎಷ್ಟು?"

"ಎಪ್ಪತ್ತೊಂದು." ನೆವೆನಾ ಅಳತೊಡಗಿದಳು.

"ತೂಕ ಹೇಳಿ ಅತ್ತವರಲ್ಲಿ ನೀನೇ ಮೊದಲಲ್ಲ. ಕಾಲು?"

"ನಲವತ್ತೊಂದು."

"ಯಾವುದು ಮುಂದೆ?"

"ಎಡಗಾಲು... ನಿಮಗೆ ಗೊತ್ತಲ್ಲ."

ಗೊತ್ತಿತ್ತು, ಹತ್ತು ವರ್ಷದಿಂದ. ವೆಸೆಲಾ ಅಂಗಡಿಯೊಳಗಿನಿಂದ ನೂರಾ ಐವತ್ತೊಂದರ ಅಗಲದ ಹಲಗೆ ತಂದು ಮೇಜಿನ ಮೇಲೆ ಮಲಗಿಸಿದಳು. ಕೈ ಮೊದಲು, ಮಗಳಿಗೆ ಮಾಡುತ್ತಿದ್ದಂತೆ, ಬಲಗಾಲು ಮುಂದಾಗಿ ಬಿಗಿಯಲೆಂದೇ ಹೊರಟಿತು. ನಿಂತಿತು. ಬೈಂಡಿಂಗುಗಳ ನಡುವಿನ ಅಂತರವನ್ನು ಒಂದು ತೂತು, ಇನ್ನೊಂದು ತೂತು ಎಂದು ಅಗಲಿಸುತ್ತ ಹೋದಳು. ಮಗಳು ಹೋದಳೆಂಬ ಪಾದ್ರಿಯ ಮಾತನ್ನೂ ಬಾಗಿಲ ಮೇಲಿನ ಕಾಗದವನ್ನೂ ನಲವತ್ತು ದಿನ ನಂಬದಿದ್ದ ಕೈ, ಎಡಗಾಲು ಮುಂದಾಗಿ ತಿರುಪು ಕೂತಾಗ ನಂಬಿತು. ಆಮೇಲೆ ಅದಕ್ಕೆ ಸ್ಕ್ರೂಡ್ರೈವರ್ ಹಿಡಿಯಲಾಗಲಿಲ್ಲ. ಕೊನೆಯ ತಿರುಪನ್ನು ನೆವೆನಾಳೇ ಬಿಗಿದಳು.

ಈ ಸಲ ಅಂಗಳದ ಗೇಟು ದಾಟಿ, ಬೀದಿ ತಿರುವಿನವರೆಗೆ ಜಾರಿದರೂ ನೆವೆನಾಳ ಬೆರಳು ಹಿಮಕ್ಕೆ ತಾಗಲಿಲ್ಲ.

ನೂರಾ ನಲವತ್ತಮೂರರ ಹಲಗೆ ಮತ್ತೆ ಅಂಗಡಿಯ ಗೋಡೆಗೆ ಹೋಯಿತು. ಆ ಚಳಿಗಾಲ ಅದಕ್ಕೆ ಸರಿಯಾದ ಕಾಲಿನ ಎಂಟು ಹುಡುಗಿಯರು ಬಂದರು. ಎಂಟೂ ಜನ ಅದನ್ನೇ ತೋರಿಸಿ ಕೇಳಿದರು. ವೆಸೆಲಾ ಅವರಿಂದ ಬೂಟು ಬಿಚ್ಚಿಸಿದಳು, ತೂಕ ಕೇಳಿದಳು, ಕಾಲು ಅಳೆದಳು. ಆಮೇಲೆ ಗೋಡೆಯ ಕಡೆ ತಿರುಗದೆ ಹೇಳಿದಳು:

"ಆ ಅಳತೆ ಈಗ ಇಲ್ಲಮ್ಮ."