ದ್ವಾದಶಿಯ ಬೆಳಿಗ್ಗೆ ಫ್ರಿಜ್ಜಿನಲ್ಲಿದ್ದದ್ದು

ನಿನ್ನೆ ಬೆಳಿಗ್ಗೆ ನೀರಿಗೆಂದು ಫ್ರಿಜ್ ತೆರೆದೆ. ತಣ್ಣನೆಯ ಹಸಿಮಾಂಸದ ವಾಸನೆ, ಅದರ ಜೊತೆಗೇ ಮೊಸರಿನ ಹುಳಿ ವಾಸನೆ, ಮುಖಕ್ಕೆ ಬಡಿಯಿತು. ಭಾನುವಾರ ತಾರಸಿಯ ಮೇಲೆ ಕೆಂಡದಲ್ಲಿ ಸುಡಲೆಂದು ಅಳಿಯ ಇಡೀ ಕುರಿತೊಡೆಗಳನ್ನು ತಂದು, ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಉಪ್ಪು ಸವರಿ, ಅಗಲವಾದ ಡಬ್ಬಿಯಲ್ಲಿ ಎಲ್ಲಕ್ಕಿಂತ ಕೆಳಗೆ ಇಟ್ಟಿದ್ದ. ಒಂದು ಹನಿಯೂ ಸೋರಿರಲಿಲ್ಲ. ನಾನು ನೀರು ಕುಡಿಯದೆ ಬಾಗಿಲು ಮುಚ್ಚಿದೆ...

ನೆನಪಾದದ್ದು ಮದ್ರಾಸಿನ ಮಾಂಬಲದಲ್ಲಿ ನಾವು ಬಾಡಿಗೆಗಿದ್ದ ಮನೆಯ ಒಡತಿಯ ಮಗ.

ಅವರು ತಲೆಮಾರುಗಳಿಂದ ಮದ್ರಾಸಿನಲ್ಲೇ ನೆಲೆಸಿದ ವೈಷ್ಣವರು. ಅರ್ಧ ತಮಿಳು ಬೆರೆತ ಕನ್ನಡ ಅವರದು. ನಾವು ಮಂಡ್ಯದ ಕಡೆಯಿಂದ ಹೊಸದಾಗಿ ಬಂದವರು. ಮಾಂಸ ತಿನ್ನುವವರಿಗೆ ಮನೆ ಕೊಡುವುದಿಲ್ಲ ಎಂದಿದ್ದರು ಒಡತಿ. ನಾವು ಮುಟ್ಟುವುದೇ ಇಲ್ಲ ಎಂದು ಹೇಳಿ ಮಹಡಿಯ ಭಾಗ ಹಿಡಿದೆ. ಹೆಂಡತಿ ಬಸುರಿ, ಬೇರೆ ಮನೆ ಸಿಕ್ಕಿರಲಿಲ್ಲ.

ಒಡತಿಯ ಮಗನಿಗೆ ಮಾತ್ರ ನಿಜ ಗೊತ್ತಿತ್ತು. ಅವನಿಗೆ ಮಣಲಿಯ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ರಜೆಯ ದಿನ ಇಬ್ಬರೂ ಹೊರಗೆ ಹೋದರೆ ನಾನು ಬಿರಿಯಾನಿ ತಿನ್ನುತ್ತಿದ್ದೆ, ಅವನು ಎದುರಿಗೆ ಕೂತು ಮೊಸರನ್ನ ತಿನ್ನುತ್ತಿದ್ದ. ಮನೆಯ ತಿರುವು ಬಂದಾಗ, "ಅಣ್ಣಾ, ಮೀಸೆ ಒರೆಸ್ಕೊಳ್ಳಿ, ಅಮ್ಮ ಮೂಸಿ ನೋಡ್ತಾರೆ" ಎಂದು ನಗಿಸುತ್ತಿದ್ದ.

ನಾನಿದ್ದ ಗಿಂಡಿಯ ಕಾರ್ಖಾನೆಗೆ ಆಗ ಹೊಸ ಯಂತ್ರ ಕೂರಿಸಲು ಹೊರದೇಶದ ಇಂಜಿನಿಯರುಗಳು ಬಂದಿದ್ದರು. ಅವರಿಗೆ ಅವರ ಪದ್ಧತಿಯಂತೆ ದೊಡ್ಡ ದೊಡ್ಡ ತುಂಡುಗಳನ್ನು ಕೆಂಡದ ಮೇಲೆ ಸುಟ್ಟು ಬಡಿಸಬೇಕೆಂದು ಮ್ಯಾನೇಜರ್ ಹೇಳಿದರು. ಜವಾಬ್ದಾರಿ ನನ್ನದು. ಹಳೆಯ ಡ್ರಮ್ ಸೀಳಿಸಿ ಒಲೆ ಮಾಡಿಸಿದೆ. ಮಾಂಸದಂಗಡಿಯವನಿಗೆ ತೊಡೆಗಳನ್ನು ಕತ್ತರಿಸಬೇಡ, ಇಡಿಯಾಗಿ ಕೊಡು ಎಂದು ಮೊದಲೇ ಹೇಳಿ ಶನಿವಾರ ಸಂಜೆ ತಂದೆ. ಉಪ್ಪು, ಮೆಣಸು ಸವರಿ ಇಡೀ ರಾತ್ರಿ ತಣ್ಣಗಿಡಬೇಕಿತ್ತು. ನಮ್ಮ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಕೆಳಗೆ ಇತ್ತು, ಮಗ ತಾಯಿಗೆಂದು ಕೊಡಿಸಿದ್ದ ಎರಡು ಬಾಗಿಲಿನದು. ಒಡತಿ ಮೈಸೂರಿನ ಮಗಳ ಮನೆಗೆ ಹೋಗಿದ್ದರು.

ಒಂದು ರಾತ್ರಿ ಅಲ್ಲಿಡಲೇ ಎಂದು ಮಗನನ್ನು ಕೇಳಿದೆ, ಅವನು ಹಿಂದೆಮುಂದೆ ನೋಡಿದ. ಆಮೇಲೆ ಬೀಗದ ಕೈ ಕೊಟ್ಟ.

"ಅಮ್ಮ ಬರೋದು ಮಂಗಳವಾರ. ಕೆಳಗಡೆ ಇಡಿ ಅಣ್ಣಾ, ಪಾತ್ರೆಯಲ್ಲಿಟ್ಟು ಮುಚ್ಚಿ. ನಾಳೆ ತೆಗೆದ್ಮೇಲೆ ನಾನೇ ತೊಳೀತೀನಿ."

ಅವನು ಪಾಳಿಗೆ ಹೋದ. ತೊಡೆಗಳು ಫ್ರಿಜ್ಜಿನ ಕೆಳಭಾಗದಲ್ಲಿ ಹಿಡಿಸಲಿಲ್ಲ. ನಮ್ಮಲ್ಲಿ ಅಷ್ಟು ದೊಡ್ಡ ಪಾತ್ರೆಯೂ ಇರಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲೇ ಮೇಲಿನ ಶೆಲ್ಫಿನಲ್ಲಿ ಓರೆಯಾಗಿ ತುರುಕಿದೆ. ಒಂದು ರಾತ್ರಿಯ ಮಾತು ತಾನೇ ಅಂದುಕೊಂಡೆ. ಮೂಳೆಯ ತುದಿ ಚೀಲವನ್ನು ಹರಿದಿತ್ತು...

ಒಡತಿ ಭಾನುವಾರ ಬೆಳಗಿನ ರೈಲಿಗೇ ಬಂದುಬಿಟ್ಟರು. ಹಿಂದಿನ ದಿನ ಏಕಾದಶಿ. ದ್ವಾದಶಿಯ ಪಾರಣೆಯನ್ನು ತಮ್ಮ ದೇವರ ಮುಂದೆಯೇ ಮಾಡಬೇಕೆಂದು, ನೀರೂ ಮುಟ್ಟದೆ ಪ್ರಯಾಣ ಮಾಡಿ ಬಂದಿದ್ದರು. ಸ್ನಾನ ಮಾಡಿ ಹಾಲಿಗೆಂದು ಫ್ರಿಜ್ ತೆರೆದಿದ್ದಾರೆ. ಹಾಲಿನ ಪಾತ್ರೆಯೊಳಕ್ಕೆ ಮೇಲಿನಿಂದ ರಕ್ತ ಇಳಿದಿತ್ತು.

ಅವರು ಕೂಗಲಿಲ್ಲ. ನನ್ನನ್ನು ಕೆಳಗೆ ಕರೆದರು. ಮಗ ಆಗ ತಾನೇ ಪಾಳಿ ಮುಗಿಸಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ, ಹೆಗಲ ಚೀಲವನ್ನೂ ಇಳಿಸದೆ.

"ಇದು ನಿಮ್ಮದಾ?" ಎಂದು ನನ್ನನ್ನು ಕೇಳಿದರು.

"ಅಯ್ಯೋ, ನಾವು ತಿನ್ನಲ್ಲ ಅಂತ ನಿಮಗೇ ಗೊತ್ತಲ್ಲ ಅಮ್ಮಾ" ಎಂದೆ. ಒಂದು ಕ್ಷಣವೂ ತಡೆಯಲಿಲ್ಲ ನನ್ನ ನಾಲಿಗೆ.

ಅವನು ನನ್ನನ್ನೇ ನೋಡಿದ. ನಾನು ನೆಲ ನೋಡಿದೆ.

"ಏನ್ಡಾ ಇದು? ಸ್ನೇಹಿತರ ಸಾವಾಸ ಇಷ್ಟು ದೂರ ಬಂತಾ?" ಎಂದರು ತಾಯಿ. ಅವನು ಹೆಗಲ ಚೀಲ ಇಳಿಸಿದ. ಆ ತೊಡೆಗಳನ್ನು ಅವನ ಕೈಯಿಂದಲೇ ತೆಗೆಸಿ ಬೀದಿಯ ತೊಟ್ಟಿಗೆ ಹಾಕಿಸಿದರು. ಹುಟ್ಟಿದಾಗಿನಿಂದ ಮಾಂಸ ಮುಟ್ಟದವನು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಗೇಟು ದಾಟಿದ.

ನಾನು ಓಡಿಹೋಗಿ ಬೇರೆ ಮಾಂಸ ತಂದೆ. ಊಟ ಚೆನ್ನಾಯಿತು. ಮ್ಯಾನೇಜರ್ ಬೆನ್ನು ತಟ್ಟಿದರು.

ಅಂದಿನಿಂದ ತಾಯಿ ಅವನಿಗೆ ತಟ್ಟೆ, ಲೋಟ ಬೇರೆ ಮಾಡಿದರು. ದೇವರ ಮನೆಗೆ ಬಿಡಲಿಲ್ಲ. ಸ್ವಲ್ಪ ದಿನಕ್ಕೆ ಅವನು ಮಣಲಿಯ ಕಡೆ ಕೋಣೆ ಮಾಡಿಕೊಂಡು ಹೋದ. ಹಬ್ಬ ಬಂದರೆ ಒಡತಿ ನಮಗೆ ಪಾಯಸ ಕಳಿಸುತ್ತಿದ್ದರು, ನಮ್ಮ ಆಚಾರ ಒಳ್ಳೆಯದೆಂದು. ನಾನು ತಿನ್ನುತ್ತಿದ್ದೆ. ನನ್ನ ಬಸುರಿ ಹೆಂಡತಿ ಬೀದಿಗೆ ಬೀಳಬಾರದೆಂದು ಅವನು ನಮಗಾಗಿ ಬಾಯಿ ಬಿಡಲಿಲ್ಲ, ಎಷ್ಟು ಒಳ್ಳೆಯವನು ಎಂದು ಹೊಗಳಿಕೊಂಡು ನೆಮ್ಮದಿಯಾಗಿದ್ದೆ.

ಆ ನೆಮ್ಮದಿಯೂ ಹೋಯಿತು. ಎಷ್ಟೋ ವರ್ಷಗಳ ನಂತರ ಗಿಂಡಿ ಸ್ಟೇಷನ್ನಿನಲ್ಲಿ ಸಿಕ್ಕ. ತಾಯಿ ತೀರಿಕೊಂಡಿದ್ದರು. "ನೀನು ಅವತ್ತು ನನ್ನ ಹೆಸರು ಹೇಳಲಿಲ್ಲ..." ಎಂದು ಶುರು ಮಾಡಿದೆ.

"ಅವತ್ತೇ ಸಾಯಂಕಾಲ ಹೇಳ್ದೆ ಅಣ್ಣಾ" ಎಂದ. ಕೋಪವಿರಲಿಲ್ಲ. "ಅಮ್ಮ ನಂಬಲಿಲ್ಲ. ಮಹಡಿಯವರು ಪಾವಂ, ಪಾಪದ ಜನ, ತಿನ್ನೋದೂ ತಿಂದು ಅವರ ಮೇಲೆ ಹಾಕ್ತೀಯಾಡಾ ಅಂದ್ರು. ಆಸ್ಪತ್ರೇಲಿ ಕೂಡ ನನ್ನ ಕೈಯಿಂದ ನೀರು ತಗೊಳ್ಳಲಿಲ್ಲ."

ರೈಲು ಬಂತು. ಅವನು ಹತ್ತಿದ. ಕೈ ಬೀಸಿದನೋ ಇಲ್ಲವೋ, ನನಗೆ ನೆನಪಿಲ್ಲ...

ಕಳೆದ ವರ್ಷ ಅವನೂ ಹೋದ. ವೈಕುಂಠ ಸಮಾರಾಧನೆಯ ಊಟಕ್ಕೆ ನನ್ನನ್ನೂ ಕರೆದಿದ್ದರು. ಪಂಕ್ತಿಯಲ್ಲಿ ಅವನ ಸೋದರಮಾವ, ಅವನು ಹುಡುಗನಾಗಿದ್ದಾಗ ಅಮ್ಮನ ಫ್ರಿಜ್ಜಿನಲ್ಲಿ ಕುರಿತೊಡೆ ಬಚ್ಚಿಟ್ಟು ಸಿಕ್ಕಿಬಿದ್ದ ಕಥೆಯನ್ನು ತಮಾಷೆಯಾಗಿ ಹೇಳಿದರು. ಅಳುತ್ತಿದ್ದವರೂ ನಕ್ಕರು. ಸಾರು ಬಡಿಸುತ್ತಿದ್ದ ಅವನ ಮಗಳು ನನ್ನ ಮುಂದೆ ನಿಂತು, "ನಿಜಮಾವಾ ಅಂಕಲ್?" ಎಂದು ತಮಿಳಿನಲ್ಲಿ ಕೇಳಿದಳು. ನಿಜವೇ ಎಂದು. ಆ ಮನೆಯಲ್ಲಿ ಆಗ ಇದ್ದವರಲ್ಲಿ ಉಳಿದವನು ನಾನೊಬ್ಬನೇ ಎಂದು ಅವಳಿಗೆ ಗೊತ್ತಿತ್ತು.

ನಾನು "ಹೂಂ" ಎಂದೆ.

ಅವಳು ನಕ್ಕು ಮುಂದಿನ ಎಲೆಗೆ ಹೋದಳು. ಈಗ ಇದನ್ನೆಲ್ಲ ಬರೆದಿದ್ದೇನೆ. ಅವಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅದು ಗೊತ್ತಿದ್ದೇ ಬರೆದಿದ್ದೇನೆ.