ಮಿಚಿಕೊ ಅವರ ಹಿತ್ತಲ ಶಿಸೊ

ಅಮೆರಿಕದ ಜಾರ್ಜಿಯಾ ರಾಜ್ಯದ ಡುಲುತ್‌ಗೆ ಬಂದ ಮೂರನೆಯ ವಾರ, ಪಕ್ಕದ ಮನೆಯ ವಯಸ್ಸಾದ ಹೆಂಗಸೊಬ್ಬರು ದೊಡ್ಡ ತುಳಸಿ ಎಲೆಯಲ್ಲಿ ಹಸಿ ಮೀನು ಸುತ್ತಿ ಬಾಯಿಗಿಟ್ಟುಕೊಳ್ಳುವುದನ್ನು ಕಣ್ಣಾರೆ ಕಂಡೆ. ಅವರ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಸೊಂಟದ ಎತ್ತರದ ಮರದ ಬೇಲಿ ಅಷ್ಟೇ. ನಾನು ನೋಡುತ್ತಿದ್ದುದು ಅವರಿಗೆ ಗೊತ್ತಾಯಿತು. ನಕ್ಕು, ತಟ್ಟೆಯನ್ನು ನನ್ನತ್ತ ಚಾಚಿದರು. ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಸಂಜೆ ಗಂಡ ಬಸವರಾಜ ಬಂದ ಕೂಡಲೇ ಹೇಳಿದೆ: "ಆಕಿ ತುಳಸಿಯೊಳಗ ಮೀನ ಸುತ್ತಿ ತಿಂತಾಳ್ರೀ!"

"ಅವರ ಮನಿ, ಅವರ ತುಳಸಿ. ನೀ ಯಾಕ ಇಷ್ಟ ಗಾಬರಿ ಆಗ್ತಿ?" ಎಂದು ಶೂ ಬಿಚ್ಚುತ್ತಲೇ ಕೇಳಿದರು.

ಗಾಬರಿಗೆ ಮೀನೊಂದೇ ಕಾರಣವಾಗಿರಲಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನಾನು ಹನ್ನೊಂದು ವರ್ಷ ಡಯಟೀಷಿಯನ್ ಆಗಿದ್ದವಳು. ಯಾರು ಏನು ತಿನ್ನಬೇಕು, ಯಾವುದನ್ನು ಬಿಡಬೇಕು ಎಂದು ದಿನಕ್ಕೆ ನಲವತ್ತು ಜನರಿಗೆ ಹೇಳುವುದು ನನ್ನ ಕೆಲಸ. ಧಾರವಾಡದ ಓಣಿಯಲ್ಲಿ ನಡೆದು ಹೋದರೂ ಯಾರಾದರೊಬ್ಬರು ತಡೆದು, "ಮೇಡಂ, ಸಕ್ಕರಿ ಐತಿ, ಮಾವಿನಹಣ್ಣ ತಿನ್ನಬಹುದೇನ್ರಿ?" ಎಂದು ಕೇಳದೆ ಬಿಡುತ್ತಿರಲಿಲ್ಲ. ೨೦೨೧ರಲ್ಲಿ ಬಸವರಾಜರಿಗೆ ನೀರು ಶುದ್ಧೀಕರಣದ ಕಂಪನಿಯೊಂದರಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿತು. ಏಳು ವರ್ಷದ ಮಗಳು ಇಂಚರಾಳನ್ನು ಕರೆದುಕೊಂಡು ಇಲ್ಲಿಗೆ ಬಂದೆವು. ನನ್ನ ವೀಸಾದಲ್ಲಿ ಕೆಲಸಕ್ಕೆ ಅನುಮತಿಯಿರಲಿಲ್ಲ. ಇದ್ದ ಒಂದು ಕಾರು ಬೆಳಗ್ಗೆ ಗಂಡನ ಜೊತೆ ಹೋಗುತ್ತಿತ್ತು. ರಸ್ತೆಯಲ್ಲಿ ಕಾಲುದಾರಿ ಇದ್ದರೂ ಅದು ಬಡಾವಣೆಯ ಗೇಟಿನವರೆಗೆ ಮಾತ್ರ, ಆಮೇಲೆ ಬರಿಯ ಹುಲ್ಲು. ಕೊರಿಯಾದಿಂದ ಬಂದವರು ಬಹಳ ಇರುವ ಊರಾದ್ದರಿಂದ ಅಂಗಡಿಗಳ ಬೋರ್ಡುಗಳು ಅರ್ಧಕ್ಕರ್ಧ ಕೊರಿಯನ್ ಭಾಷೆಯಲ್ಲಿ. ಅಮೆರಿಕಕ್ಕೆಂದು ತಯಾರಾಗಿ ಬಂದ ನನಗೆ ಇದು ಯಾವ ದೇಶವೆಂದೇ ಒಂದು ತಿಂಗಳು ಅರ್ಥವಾಗಲಿಲ್ಲ.

ಊಟದ ಬಗ್ಗೆ ನನ್ನನ್ನು ಕೇಳುವವರು ಯಾರೂ ಇರಲಿಲ್ಲ. ಅದು ಎಷ್ಟು ಕಾಡುತ್ತದೆ ಎಂದು ಬರುವ ಮೊದಲು ನನಗೆ ಗೊತ್ತಿರಲಿಲ್ಲ.

ಬಾಗಿಲು ಹಾಕಿಕೊಂಡ ನಾಚಿಕೆ ನಾಲ್ಕು ದಿನ ಕೊರೆಯಿತು. ಐದನೆಯ ದಿನ ಶೇಂಗಾ ಹೋಳಿಗೆ ಮಾಡಿ, ತಟ್ಟೆಯಲ್ಲಿಟ್ಟುಕೊಂಡು ಅವರ ಬಾಗಿಲು ತಟ್ಟಿದೆ. ಹೆಸರು ಮಿಚಿಕೊ. ಎಪ್ಪತ್ತೈದು ದಾಟಿದ್ದವರು. ಜಪಾನಿನ ಕಡಲ ತಡಿಯ ಊರೊಂದರಿಂದ ಮದುವೆಯಾಗಿ ಬಂದು ನಲವತ್ತು ವರ್ಷವಾಗಿತ್ತು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಮ್ಮಿಬ್ಬರ ಇಂಗ್ಲಿಷೂ ನಮ್ಮ ನಮ್ಮ ಊರಿನ ಸೊಗಡಿನದು. ಹಾಗಾಗಿ ಇಬ್ಬರೂ ನಿಧಾನವಾಗಿ, ಸಣ್ಣ ಸಣ್ಣ ವಾಕ್ಯಗಳಲ್ಲಿ ಮಾತಾಡಿದೆವು.

"ನೀವು ಮೀನು ತಿನ್ನುವುದಿಲ್ಲ," ಎಂದರು. "ನನಗೆ ಆಗಲೇ ತಿಳಿಯಿತು. ತಪ್ಪು ನನ್ನದು."

"ಇಲ್ಲ, ಆ ಎಲೆ ನೋಡಿ ಹೆದರಿದೆ. ನಮ್ಮ ದೇವರ ಗಿಡದ ಹಾಗಿತ್ತು," ಎಂದೆ.

ಅವರು ನನ್ನ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದರು. ಹತ್ತಿರದಿಂದ ನೋಡಿದರೆ ಅದು ತುಳಸಿಯಲ್ಲ. ಎಲೆ ಅಂಗೈಯಷ್ಟು ಅಗಲ, ಅಂಚಿನಲ್ಲಿ ಗರಗಸದಂಥ ಹಲ್ಲು, ಮೇಲೆ ನವಿರಾದ ರೋಮ. ಆದರೆ ಅದೇ ಕುಲದ್ದೆಂದು ಚೌಕಾಕಾರದ ಕಾಂಡ ಹೇಳುತ್ತಿತ್ತು. ಪುದೀನ, ತುಳಸಿ, ದೊಡ್ಡಪತ್ರೆಗಳ ದೊಡ್ಡ ಕುಟುಂಬದ, ನಾನು ಕಾಣದೆ ಉಳಿದಿದ್ದ ದೂರದ ನೆಂಟ. "ಶಿಸೊ," ಎಂದು ಒಂದು ಎಲೆ ಕಿತ್ತು ಕೊಟ್ಟರು. ಮೊದಲು ಪುದೀನದ ತಂಪು, ಆಮೇಲೆ ಜೀರಿಗೆಯ ಬಿಸುಪು, ಕೊನೆಗೆ ನಿಂಬೆಯ ಸಿಪ್ಪೆಯಂಥದ್ದೇನೋ. ಹೀಗೆ ಮೂರು ರುಚಿಗಳನ್ನು ಒಂದರ ಹಿಂದೊಂದು ಕೊಡುವ ಎಲೆ ನಮ್ಮ ಕಡೆ ನನಗೆ ಗೊತ್ತಿರಲಿಲ್ಲ. ಬಿಸಿ ಅನ್ನಕ್ಕೆ ಉಪ್ಪು, ಹುರಿದ ಎಳ್ಳು ಬೆರೆಸಿ, ಎಲೆಯಲ್ಲಿ ಸುತ್ತಿ ನನ್ನ ಬಾಯಿಗೇ ಇಟ್ಟರು. ಊರು ಬಿಟ್ಟ ಮೇಲೆ ಬೇರೆಯವರ ಕೈತುತ್ತು ತಿಂದದ್ದು ಅದೇ ಮೊದಲು.

ಅಂದಿನಿಂದ ಅವರ ಅಡುಗೆಮನೆ ನನಗೆ ಶಾಲೆಯಾಯಿತು. ಶಿಸೊವನ್ನು ಬೇಯಿಸಿದರೆ ಪರಿಮಳ ಹಾರಿಹೋಗುತ್ತದೆ, ಆದ್ದರಿಂದ ಕೊತ್ತಂಬರಿಯ ಹಾಗೆ ಕೊನೆಗೆ ಹಾಕಬೇಕು. ತೋಫು ಎಂಬ ತಣ್ಣನೆಯ ಸೋಯಾ ಪನೀರಿನ ಮೇಲೆ, ನೂಡಲ್ಸ್ ಮೇಲೆ ಸಣ್ಣಗೆ ಹೆಚ್ಚಿ ಉದುರಿಸುತ್ತಾರೆ. ಹಿಟ್ಟಿನಲ್ಲಿ ಅದ್ದಿ ಕರಿಯುವುದೂ ಉಂಟು. ಆದರೆ ನಮ್ಮ ಬಜ್ಜಿಯ ಹಾಗೆ ಪೂರ್ತಿ ಮುಳುಗಿಸುವುದಿಲ್ಲ, ಎಲೆಯ ಹಿಂಬದಿಗೆ ಮಾತ್ರ ಹಿಟ್ಟು ತಾಗಿಸಿ ಎಣ್ಣೆಗೆ ಬಿಡುತ್ತಾರೆ, ಮೇಲ್ಬದಿ ಹಸಿರಾಗಿಯೇ ಉಳಿಯುತ್ತದೆ. ನಾನು ಮೊದಲ ಸಲ ಕಡಲೆಹಿಟ್ಟಿನಲ್ಲಿ ಪೂರ್ತಿ ಮುಳುಗಿಸಿ ಕರಿದು ಕೊಟ್ಟಾಗ ಮಿಚಿಕೊ ತಿಂದು, "ಎಲೆ ಎಲ್ಲಿದೆ?" ಎಂದು ಬಹಳ ವಿನಯದಿಂದ ಕೇಳಿದರು.

ಕೆಂಪು ಶಿಸೊ ಎಂಬ ಇನ್ನೊಂದು ಬಗೆಯೂ ಇದೆ. ಉಪ್ಪಿನಕಾಯಿಗೆ ಬಣ್ಣ ಕೊಡಲು, ಶರಬತ್ತಿಗೆ ಅದನ್ನು ಬಳಸುತ್ತಾರೆ. ಜುಲೈ ತಿಂಗಳ ಒಂದು ಮಧ್ಯಾಹ್ನ ಅವರು ಅದನ್ನು ಕುದಿಸುವಾಗ ಇಂಚರಾ ಪಕ್ಕದಲ್ಲಿ ಸ್ಟೂಲಿನ ಮೇಲೆ ನಿಂತಿದ್ದಳು. ಪಾತ್ರೆಯಲ್ಲಿದ್ದದ್ದು ಕೆಸರಿನ ಬಣ್ಣದ ನೀರು. ಮಿಚಿಕೊ ಅವಳ ಕೈಗೆ ವಿನೆಗರ್ ಬಟ್ಟಲು ಕೊಟ್ಟು, ಸುರಿ ಎಂದರು. ಸುರಿದದ್ದೇ ತಡ, ನೀರೆಲ್ಲ ಮಾಣಿಕ್ಯದ ಬಣ್ಣಕ್ಕೆ ತಿರುಗಿತು.

"ಅಮ್ಮಾ, ಇಟ್ ಚೇಂಜ್ಡ್! ನಾನು ಮಾಡಿದೆ!" ಎಂದು ಇಂಚರಾ ಕಿರುಚಿದಳು. ನಮ್ಮ ಕಡೆಯ ಮುರುಗಲ ಹಣ್ಣಿನ ಶರಬತ್ತಿಗೆ ಜೋಡಿಯಾಗಬಲ್ಲ ಪಾನೀಯವೊಂದು ಸಿಕ್ಕಿತೆಂದು ನನಗೆ ಖುಷಿ.

ಹುಳಿ ತಾಗಿದರೆ ಬಣ್ಣ ಬದಲಾಗುವುದೇಕೆ ಎಂದು ಮಗಳಿಗೆ ವಿವರಿಸುವಾಗ ನನ್ನೊಳಗಿನ ಹಳೆಯ ಡಯಟೀಷಿಯನ್ ಎದ್ದು ಕೂತಳು. ಪುಸ್ತಕ ತೆರೆದೆ. ಕಣ್ಣಿಗೆ ಬೇಕಾದ ಬೀಟಾ ಕ್ಯಾರೊಟಿನ್, ಸುಣ್ಣದ ಅಂಶ, ಕಬ್ಬಿಣ, ಕೆ ಜೀವಸತ್ವ ಎಲ್ಲವೂ ಈ ಎಲೆಯಲ್ಲಿ ಧಾರಾಳ. ಅಲರ್ಜಿಗೆ ಒಳ್ಳೆಯದೆನ್ನುವವರೂ ಇದ್ದಾರೆ, ಆ ಮಾತಿಗೆ ನಾನು ಜವಾಬ್ದಾರಿ ಹೊರಲಾರೆ. ಒಬ್ಬರು ತಿನ್ನುವುದು ಮೂರು ನಾಲ್ಕು ಎಲೆ, ಅದರಿಂದ ಪವಾಡವೇನೂ ಆಗದು ಎಂಬುದೂ ನನಗೆ ಗೊತ್ತಿತ್ತು. ಆದರೆ ನಮ್ಮ ಅಡುಗೆಯಲ್ಲಿ ಸೊಪ್ಪನ್ನು ಹಿಡಿಗಟ್ಟಲೆ ಬಳಸುತ್ತೇವಲ್ಲ! ಶಿಸೊ ತಂಬುಳಿ ಮಾಡಿದೆ. ಶೇಂಗಾ ಹಾಕಿ ಚಟ್ನಿ ರುಬ್ಬಿದೆ. ಚುರುಮುರಿಗೆ ಹೆಚ್ಚಿ ಹಾಕಿದೆ. ಎಲ್ಲಕ್ಕೂ ಒಗ್ಗಿತು.

ಮರುವರ್ಷದ ಬೇಸಿಗೆಯಲ್ಲಿ ನಮ್ಮ ಸುತ್ತಲಿನ ಕನ್ನಡ ಕುಟುಂಬಗಳು ಪಾರ್ಕಿನಲ್ಲಿ ಊಟಕ್ಕೆ ಸೇರಿದಾಗ, ಮಿಚಿಕೊ ಕೊಟ್ಟ ಬೀಜದಿಂದ ಎಬ್ಬಿಸಿದ ಸಸಿಗಳನ್ನು ಕಾಗದದ ಲೋಟಗಳಲ್ಲಿ ಒಯ್ದೆ. ತಂಬುಳಿಯ ರುಚಿ ನೋಡಿದವರು ಏನಿದು ಏನಿದು ಎಂದು ಸುತ್ತುವರಿದರು. ನಾನು ಎದ್ದು ನಿಂತು ಹತ್ತು ನಿಮಿಷ ಮಾತಾಡಿದೆ. ಎಲ್ಲರೂ ಕೇಳಿದರು. ಒಬ್ಬರು ಫೋನಿನಲ್ಲಿ ಬರೆದುಕೊಂಡರು ಕೂಡ. ಅಂದು ನನ್ನಷ್ಟು ಸುಖಿ ಇಡೀ ಜಾರ್ಜಿಯಾದಲ್ಲಿ ಇರಲಿಲ್ಲ.

ಅಲ್ಲಿ ನಾಲ್ಕು ಸಸಿ ಒಯ್ದವರು ಶ್ರೀನಾಥ್ ಅಂಕಲ್. ಮೈಸೂರಿನವರು, ನಿವೃತ್ತರು, ನಮ್ಮ ಮನೆಯಿಂದ ಕಾರಿನಲ್ಲಿ ಇಪ್ಪತ್ತು ನಿಮಿಷದ ದೂರದಲ್ಲಿದ್ದವರು. "ಸಖತ್ತಾಗಿದೆ ಕಣಮ್ಮ ಶೈಲಜಾ. ನಮ್ಮ ಮನೆ ಹಿಂದಿನ ಡೆಕ್ ಮೇಲೆ ಫುಲ್ ಸನ್ ಬರತ್ತೆ, ಅಲ್ಲೇ ಗ್ರೋ ಮಾಡ್ತೀನಿ," ಎಂದರು.

ಎರಡು ತಿಂಗಳ ಮೇಲೆ ಒಂದು ಬೆಳಗ್ಗೆ ಅವರ ಹೆಂಡತಿ ವಿಮಲಾ ಆಂಟಿ ಫೋನ್ ಮಾಡಿದರು. ದನಿ ಎಂದಿನಂತಿರಲಿಲ್ಲ.

"ಶೈಲಜಾ, ಅಂಕಲ್‌ಗೆ ಹಾರ್ಟಲ್ಲಿ ಮೆಟಲ್ ವಾಲ್ವ್ ಹಾಕಿದಾರೆ, ನಿನಗೆ ಹೇಳಿರಲಿಲ್ಲ ಅನ್ಸತ್ತೆ. ರಕ್ತ ತೆಳು ಮಾಡೋ ಮಾತ್ರೆ ತಗೋತಾರೆ, ವಾರ್ಫರಿನ್ ಅಂತ. ಇವತ್ತು ಕ್ಲಿನಿಕ್‌ನಿಂದ ಕಾಲ್ ಬಂತು, ಬ್ಲಡ್ ಟೆಸ್ಟ್ ನಂಬರ್ ತುಂಬಾ ಲೋ ಬಂದಿದೆಯಂತೆ. ಮಾತ್ರೆ ಮಿಸ್ ಮಾಡಿದ್ರಾ ಅಂತ ಕೇಳ್ತಿದಾರೆ. ಒಂದಿನಾನೂ ಮಿಸ್ ಮಾಡಿಲ್ಲ ಕಣೆ. ನೀನು ಓದಿದೀಯಲ್ಲ, ಏನಾದ್ರೂ ಗೊತ್ತಾಗತ್ತಾ?"

ನಾನು ಕೂಡಲೇ ಕೇಳಿದೆ: "ಆಂಟಿ, ಶಿಸೊ ಎಷ್ಟ್ ತಿಂತಾ ಇದಾರ?"

"ಅಯ್ಯೋ, ಎರಡು ಹೊತ್ತೂ! ತಂಬುಳಿ, ಚಟ್ನಿ. ಬೆಳಗ್ಗೆ ಎದ್ದು ಜ್ಯೂಸ್ ಬೇರೆ ಮಾಡ್ಕೊಂಡು ಕುಡೀತಾರೆ. ನೀನು ಒಳ್ಳೇದು ಅಂದ್ಯಲ್ಲ."

ಕೆ ಜೀವಸತ್ವ ರಕ್ತ ಹೆಪ್ಪುಗಟ್ಟಲು ಸಹಾಯ ಮಾಡುತ್ತದೆ. ವಾರ್ಫರಿನ್ ಅದನ್ನೇ ತಡೆಯುವ ಔಷಧ. ಹಸಿರು ಸೊಪ್ಪು ಒಮ್ಮೆಲೇ ಹೆಚ್ಚಾದರೆ ಮಾತ್ರೆಯ ಬಲ ಕುಗ್ಗುತ್ತದೆ, ಆ ನಂಬರ್ ಇಳಿಯುತ್ತದೆ. ಲೋಹದ ಕವಾಟವಿರುವ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿದರೆ ಪಾರ್ಶ್ವವಾಯುವಾಗಬಹುದು, ಜೀವವೇ ಹೋಗಬಹುದು. ಹುಬ್ಬಳ್ಳಿಯಲ್ಲಿ ಈ ಮಾತ್ರೆ ನುಂಗುವ ಪ್ರತಿಯೊಬ್ಬರಿಗೂ ನಾನು ಮೊದಲು ಹೇಳುತ್ತಿದ್ದ ಪಾಠ ಇದೇ. ಸೊಪ್ಪಿನ ಬಗ್ಗೆ ಬಾಯಿ ತೆರೆಯುವ ಮುನ್ನ, "ಯಾವ ಮಾತ್ರಿ ತಗೋತೀರಿ?" ಎಂದು ಕೇಳದ ದಿನವಿರಲಿಲ್ಲ. ಪಾರ್ಕಿನಲ್ಲಿ ಮಾತ್ರ ಕೇಳಲಿಲ್ಲ. ಜನ ನನ್ನ ಮಾತು ಕೇಳುತ್ತಿದ್ದಾರೆಂಬ ಸಂತೋಷದಲ್ಲಿ ಕೇಳುವುದನ್ನೇ ಮರೆತೆ.

ಬೇರೆ ಕಾರಣವೂ ಇರಬಹುದು, ಸುಮ್ಮನಿದ್ದುಬಿಡು ಎಂದು ಮನಸ್ಸು ಒಂದು ಗಳಿಗೆ ಹೇಳಿತು ನಿಜ. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

"ಆಂಟಿ, ಈಗಲೇ ಕ್ಲಿನಿಕ್ಕಿಗೆ ವಾಪಸ್ ಫೋನ್ ಮಾಡ್ರಿ. ಈ ಸೊಪ್ಪಿನ ವಿಷಯ ಪೂರ್ತಿ ಹೇಳ್ರಿ. ಅವರನ್ನ ಕೇಳದ ಒಮ್ಮೆಲೇ ಬಿಡಿಸಬ್ಯಾಡ್ರಿ, ಬಿಟ್ಟರ ನಂಬರ್ ಆ ಕಡೆ ಏರತೈತಿ, ರಕ್ತಸ್ರಾವ ಆಗಬಹುದು. ನಾ ಬರ್ತೀನಿ," ಎಂದೆ.

ಆ ಹೊತ್ತಿಗೆ ನಾನು ಡ್ರೈವಿಂಗ್ ಲೈಸೆನ್ಸ್ ಪಡೆದಿದ್ದೆ, ಹಳೆಯದೊಂದು ಕಾರೂ ಬಂದಿತ್ತು. ಆದರೆ ಹೈವೇಗೆ ಒಬ್ಬಳೇ ಇಳಿದಿರಲಿಲ್ಲ. ಅಂದು ಇಳಿದೆ. ಎಡಬಲಕ್ಕೆ ಲಾರಿಗಳು ಗುಡುಗುತ್ತಾ ಹೋಗುವಾಗ ನನ್ನ ತಲೆಯಲ್ಲಿದ್ದುದು ಒಂದೇ: ಅಂಕಲ್ ಮುಖ ನೋಡಿ ಏನು ಹೇಳಲಿ?

ಅವರು ಸೋಫಾದ ಮೇಲೆ ಕೂತಿದ್ದರು. ನಾನು ನಿಂತೇ ಹೇಳಿದೆ: "ಅಂಕಲ್, ತಪ್ಪು ನಂದು. ಮಾತ್ರಿ ಬಗ್ಗೆ ನಾ ಮೊದಲ ಕೇಳಬೇಕಿತ್ತು. ಅದು ನನ್ನ ಕೆಲಸ ಆಗಿತ್ತು."

ಅಂಕಲ್ ಪಕ್ಕದಲ್ಲಿ ಜಾಗ ಮಾಡಿದರು. "ನಾನೂ ಹೇಳ್ಬೇಕಿತ್ತಲ್ಲಮ್ಮ. ವಾಲ್ವ್ ಇದೆ ಅಂದ್ರೆ ಜನ ಒಂಥರಾ ನೋಡ್ತಾರೆ ಅಂತ ಯಾರಿಗೂ ಹೇಳಲ್ಲ. ಕೂತ್ಕೋ, ಕಾಫಿ ಕುಡಿ," ಎಂದರು.

ಅಷ್ಟರಲ್ಲಿ ಕ್ಲಿನಿಕ್ಕಿನ ನರ್ಸ್ ಮತ್ತೆ ಫೋನ್ ಮಾಡಿದರು. ಆಂಟಿ ಸ್ಪೀಕರ್ ಹಾಕಿದರು. ಯಾವ ಎಲೆ, ಎಷ್ಟು, ಎಷ್ಟು ದಿನದಿಂದ ಎಂದು ಆಕೆ ಕೇಳಿದ್ದಕ್ಕೆಲ್ಲ ನಾನೇ ಉತ್ತರಿಸಿದೆ. ಡಾಕ್ಟರು ಇಂಜೆಕ್ಷನ್ ಕೊಟ್ಟರು, ಮಾತ್ರೆಯ ಪ್ರಮಾಣ ಬದಲಿಸಿದರು, ಎರಡು ದಿನಕ್ಕೊಮ್ಮೆ ರಕ್ತ ಪರೀಕ್ಷೆ. ಒಂದೂವರೆ ವಾರ ನನಗೆ ಅನ್ನ ಸೇರಲಿಲ್ಲ. ಕೊನೆಗೆ ಆಂಟಿಯ ಮೆಸೇಜ್ ಬಂತು: "ನಂಬರ್ ನಾರ್ಮಲ್. ದಿನಕ್ಕೆ ಎರಡೇ ಎಲೆ, ಡೈಲಿ ಅಷ್ಟೇ ಇರ್ಬೇಕು ಅಂದಿದಾರೆ ಡಾಕ್ಟ್ರು. ನಾನೇ ಕಿತ್ತು ಕೊಡ್ತೀನಿ, ಗಿಡದ ಹತ್ರ ಬಿಡಲ್ಲ ಅವ್ರನ್ನ." ಓದಿ ನಕ್ಕೆ, ಆಮೇಲೆ ಅತ್ತೆ.

ಆ ನಡುವೆಯೇ, ಸಸಿ ಒಯ್ದ ಎಲ್ಲರಿಗೂ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಬರೆದು ಕಳಿಸಿದ್ದೆ. ಯಾರೂ ಮೂದಲಿಸಲಿಲ್ಲ. ಬದಲಿಗೆ ಪ್ರಶ್ನೆಗಳು ಬಂದವು. ಅಪ್ಪನಿಗೆ ಕಿಡ್ನಿ ತೊಂದರೆ, ಯಾವ ಸೊಪ್ಪು ಆದೀತು? ಗರ್ಭಿಣಿ, ಇದನ್ನು ತಿನ್ನಬಹುದೇ? ಈ ಸಲ ಪ್ರತಿಯೊಬ್ಬರಿಗೂ ಮೊದಲು ಮಾತ್ರೆಗಳ ಹೆಸರು ಕೇಳಿದೆ. ನನಗೆ ತಿಳಿಯದ್ದಕ್ಕೆ ನಿಮ್ಮ ಡಾಕ್ಟರನ್ನು ಕೇಳಿ ಎಂದೆ.

ಮಿಚಿಕೊ ಅವರಿಗೆ ಹೇಳಿದಾಗ ಅವರು ಚಾಕು ಕೆಳಗಿಟ್ಟು ಪೂರ್ತಿ ಕೇಳಿದರು. "ನಾವು ಅದನ್ನು ಊಟದ ಪಕ್ಕದಲ್ಲಿ ಇಡುತ್ತೇವೆ. ನೀವು ಅದನ್ನೇ ಊಟ ಮಾಡಿದಿರಿ," ಎಂದರು. ಆಕ್ಷೇಪಣೆಯ ದನಿ ಇರಲಿಲ್ಲ. ಮತ್ತೆ ಚಾಕು ಕೈಗೆತ್ತಿಕೊಂಡು, "ನಲವತ್ತು ವರ್ಷದಿಂದ ಎಲ್ಲರಿಗೂ ಹಂಚಿದ್ದೇನೆ. ನಾನೂ ಯಾರನ್ನೂ ಕೇಳಲಿಲ್ಲ. ಇನ್ನು ಮೇಲೆ ನೀವು ನನಗೆ ಹೇಳಿಕೊಡಿ," ಎಂದರು.

ಆ ಚಳಿಗಾಲವೇ ಇಲ್ಲಿನ ಕಾಲೇಜಿಗೆ ಅರ್ಜಿ ಹಾಕಿದೆ. ಇಲ್ಲಿ ಡಯಟೀಷಿಯನ್ ಆಗಬೇಕಾದರೆ ಮತ್ತೆ ಓದಬೇಕು, ಆಸ್ಪತ್ರೆಯಲ್ಲಿ ತರಬೇತಿ ಪಡೆಯಬೇಕು, ಪರೀಕ್ಷೆ ಪಾಸಾಗಬೇಕು. ಮೊದಲು ಅದನ್ನೆಲ್ಲ ಅವಮಾನ ಎಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ನನಗಿಂತ ಹದಿನೈದು ವರ್ಷ ಚಿಕ್ಕವರ ನಡುವೆ ಕೂತು ಪಾಠ ಕೇಳುತ್ತೇನೆ. ಮನೆಗೆ ಬಂದರೆ ಬೇಲಿಯ ಮೇಲೆ ಒಂದು ಕಟ್ಟು ಶಿಸೊ ಇರುತ್ತದೆ.

ಕಳೆದ ಬೇಸಿಗೆಯಲ್ಲಿ ಇಂಚರಾಳ ಜೊತೆ ಧಾರವಾಡಕ್ಕೆ ಹೋಗಿದ್ದೆ. ಅವ್ವ ಬಿಸಿ ಜೋಳದ ರೊಟ್ಟಿ, ಬದನೇಕಾಯಿ ಎಣಗಾಯಿ ಬಡಿಸಿ, ಪಕ್ಕದಲ್ಲಿ ತೊಳೆದ ಹಸಿ ಹಕ್ಕರಕಿ ಸೊಪ್ಪು ಇಟ್ಟಳು. ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುವ, ನಮ್ಮ ಕಡೆಯವರು ರೊಟ್ಟಿಯ ಜೊತೆ ಹಾಗೇ ಕಚ್ಚುವ ಎಲೆ. ನಾಲ್ಕು ವರ್ಷದ ಮೇಲೆ ಅದರ ಕಹಿ ನಾಲಿಗೆಗೆ ತಾಗಿದಾಗ ಕಣ್ಣು ಮುಚ್ಚಿಕೊಂಡೆ. ಆ ಸುಖದಲ್ಲೇ ಬಾಯಿಂದ ಮಾತು ಬಂತು: "ಅವ್ವಾ, ನಮ್ಮಲ್ಲೆ ಹಿಂಗ ಅನ್ನದ ಜೋಡಿ ಶಿಸೊ ತಿಂತೀವಿ."

"ನಮ್ಮಲ್ಲೆ ಅಂದರ ಯಾವ ಊರಾಗ?" ಎಂದಳು ಅವ್ವ.

ಇಂಚರಾ ನನ್ನ ಮುಖ ನೋಡಿದಳು. ಡುಲುತ್‌ನಲ್ಲಿ ಮಿಚಿಕೊ ಮುಂದೆ ನಮ್ಮಲ್ಲಿ ಹಾಗೆ, ನಮ್ಮಲ್ಲಿ ಹೀಗೆ ಎಂದು ಧಾರವಾಡದ ಬಗ್ಗೆ ಹೇಳುವಾಗ ಯಾರೂ ಹೀಗೆ ಕೇಳಿರಲಿಲ್ಲ.

"ಆ ಬೀಜ ನನಗೊಂದಿಷ್ಟು ತರಬಾರದಾಗಿತ್ತ?" ಎಂದು ಅವ್ವನೇ ಮಾತು ಮುಂದುವರಿಸಿದಳು.

"ವಿಮಾನ ನಿಲ್ದಾಣದಾಗ ಬೀಜ ತರಾಕ ಬಿಡೂದಿಲ್ಲವ್ವ. ಇಲ್ಲಿಂದ ಒಯ್ಯಾಕೂ ಬಿಡೂದಿಲ್ಲ."

"ಹಂಗಾರ ಅದನ್ನ ಅಲ್ಲೇ ಹೋಗಿ ತಿನ್ನು. ಇದನ್ನ ಇಲ್ಲೇ ಬಂದು ತಿನ್ನು," ಎಂದು ಅವ್ವ ನನ್ನ ತಟ್ಟೆಗೆ ಇನ್ನೊಂದು ಹಿಡಿ ಹಕ್ಕರಕಿ ಹಾಕಿದಳು.